ದಾನದ ಆಕಳ ಹಲ್ಲು



ಒಲೆಯ ಮಾತು ಹೆಂಗಸರ ಮಾತು ಎಂದು ಈ ಪುಟ ತಿರುವಿ ಹಾಕಬೇಡಿ. ಹೋದ ಸಭೆಯಲ್ಲಿ ನಾನು ಗ್ಯಾಸ್ ಒಲೆಯ ಸಂಗತಿ ಎತ್ತಿದಾಗ ಒಬ್ಬ ಗೆಳೆಯ ಎದ್ದು ನಿಂತ. "ಭೂಮಿ ಪ್ರಶ್ನೆ ಐತಿ, ಮೀಸಲಾತಿ ಪ್ರಶ್ನೆ ಐತಿ, ಬೆಳಗಾದ್ರ ಒಂದಿಲ್ಲೊಂದು ಊರಾಗ ನಮ್ಮ ಮಂದಿಗೆ ಹೊಡತ ಬೀಳತಾವು. ನೀ ಗ್ಯಾಸಿನ ಶೆಗಡಿ ಹಿಡಕೊಂಡು ಕುಂತೀಯಲ್ಲೋ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಊರಿಗೆ ಹೋಗಿ ಅವ್ವನ ಎಡಗೈ ನೋಡಿದಾಗ ಆ ನಗು ಗಂಟಲಲ್ಲಿ ನಿಂತಿತು. ಮುಂಗೈಯಿಂದ ಮೊಣಕೈತನಕ ಅವಳ ಚರ್ಮ ಸುಟ್ಟು ಸುಕ್ಕಾಗಿದೆ. ಆ ಕೈಗೆ ಬಿದ್ದ ಹೊಡೆತ ಯಾವ ಪ್ರಶ್ನೆಗೆ ಸೇರಿದ್ದು? ಅದನ್ನು ಈ ಪುಟಗಳಲ್ಲಿ ಕೇಳಬೇಕಾಗಿದೆ.

ಪಾಲಬಾವಿಯ ನಮ್ಮ ಕೇರಿಗೆ ಗ್ಯಾಸ್ ಬಂದದ್ದು 2018ರ ಚಳಿಗಾಲದಲ್ಲಿ. ಉಜ್ವಲಾ ಯೋಜನೆ 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಶುರುವಾಗಿತ್ತು. ಅಲ್ಲಿಂದ ರಾಯಬಾಗ ತಾಲ್ಲೂಕಿನ ನಮ್ಮ ಓಣಿಗೆ ನಡೆದು ಬರಲು ಅದಕ್ಕೆ ಎರಡೂವರೆ ವರ್ಷ ಹಿಡಿಯಿತು. ಅಲ್ಲಿಯವರೆಗೆ ನಮ್ಮ ಒಲೆಗೆ ಕಬ್ಬಿನ ರವದಿ, ಕುಳ್ಳು, ಮುಳ್ಳುಕಂಟಿ. ರವದಿ ಭಗ್ಗನೆ ಹತ್ತಿ ಭಗ್ಗನೆ ಆರುತ್ತದೆ. ಒಂದು ಬುಟ್ಟಿ ರೊಟ್ಟಿ ಬಡಿದು ಏಳುವುದರೊಳಗೆ ಅವ್ವನ ಕಣ್ಣು ಕೆಂಪಗೆ ಕೆಂಡ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ನಾನು ಹೊಗೆಯ ಪರವಾಗಿ ಬರೆಯುತ್ತಿಲ್ಲ. "ಕಟ್ಟಿಗೆ ಒಲೆಯ ರೊಟ್ಟಿಗೆ ಏನು ರುಚಿ" ಎಂದು ಬರೆಯುವವರು ಬರೆಯಲಿ. ಅವರ ಮನೆಯಲ್ಲಿ ಆ ಒಲೆ ಊದುವವರು ಬೇರೆ ಇರುತ್ತಾರೆ.

ಒಲೆ ಹಂಚುವ ದಿನ ಬಯಲಿನಲ್ಲಿ ಬ್ಯಾನರು, ಮೈಕು, ಹಾರ. ನಮ್ಮ ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕೈಗೆ ಒಲೆಯ ಡಬ್ಬಿ ಕೊಟ್ಟು ಫೋಟೋ ತೆಗೆದರು. ಹಚ್ಚುವುದು ಹೇಗೆ, ಬಂದ್ ಮಾಡುವುದು ಹೇಗೆ ಎಂದು ಮೈಕಿನಲ್ಲಿ ಐದು ನಿಮಿಷ ಹೇಳಿದರು. ಮನೆಗೆ ಬಂದು ಜೋಡಿಸಿ ಕೊಟ್ಟವರು ಯಾರೂ ಇಲ್ಲ. ನಮ್ಮದು ಒಂದೇ ಕೋಣೆಯ ಮನೆ, ಅಡಿಗೆಗೆ ಕಟ್ಟೆಯಿಲ್ಲ. ಒಲೆ ನೆಲದ ಮೇಲೆ, ಸಿಲಿಂಡರ್ ಅದರ ಮಗ್ಗುಲಿಗೆ. ಒಲೆ ಯಾವಾಗಲೂ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು, ಈ ಅನಿಲ ಗಾಳಿಗಿಂತ ಭಾರವಾದದ್ದು, ಸೋರಿದರೆ ಮೇಲೆ ಹಾರಿಹೋಗದೆ ನೀರಿನ ಹಾಗೆ ನೆಲದಲ್ಲಿ ಹರಡಿ ನಿಲ್ಲುತ್ತದೆ. ಇದನ್ನು ನಾನು ತಿಳಿದದ್ದು ಎಷ್ಟೋ ತಡವಾಗಿ. ಕಟ್ಟೆಯಿಲ್ಲದ ಮನೆಗೆ, ಕಿಟಕಿಯಿಲ್ಲದ ಮನೆಗೆ, ದೇವರ ದೀಪವೂ ಅಡಿಗೆಯೂ ಮಲಗುವ ಚಾಪೆಯೂ ಒಂದೇ ಕಡೆ ಇರುವ ಮನೆಗೆ 14.2 ಕಿಲೋ ಅನಿಲ ಇಳಿಸಿ ಹೋದವರಿಗೆ ಇದು ತಿಳಿದಿರಲಿಲ್ಲವೆ?

ಆರು ತಿಂಗಳಿಗೆ ಒಲೆಯ ಬಲಗಡೆಯ ಬಟನ್ ಸಡಿಲಾಯಿತು. ಬಂದ್ ಮಾಡಿದರೂ ಪೂರ್ತಿ ಬಂದ್ ಆಗುತ್ತಿರಲಿಲ್ಲ. ಬಟನ್ನಿನ ಬುಡದಿಂದ ವಾಸನೆ. ತಗಡು ಎಷ್ಟು ತೆಳುವೆಂದರೆ ರೊಟ್ಟಿ ಹಂಚು ಇಟ್ಟರೆ ಒಲೆಯೇ ಒಂದು ಕಡೆ ವಾಲುತ್ತಿತ್ತು. ಅವ್ವ ಪ್ರತಿ ಸಲ ಸಿಲಿಂಡರಿನ ರೆಗ್ಯುಲೇಟರನ್ನೇ ಬಂದ್ ಮಾಡಿ ಹೇಗೋ ದಿನ ನೂಕಿದಳು. ಆಮೇಲೆ ಏಜೆನ್ಸಿಗೆ ಹೋದಳು. ಯಾವ ಏಜೆನ್ಸಿ, ಯಾವ ಕಂಪನಿಯ ಒಲೆ ಎಂದು ಇಲ್ಲಿ ಬರೆಯುವುದಿಲ್ಲ. ಇದು ಒಂದು ಅಂಗಡಿಯ ಮೇಲಿನ ಸಿಟ್ಟಿನ ಮಾತಲ್ಲ.

ಮೂರು ಸಲ ಹೋದಳು. ಮೂರು ದಿನದ ಕಬ್ಬಿನ ಕೂಲಿ ಹೋಯಿತು, ಬಸ್ಸಿನ ದುಡ್ಡು ಬೇರೆ. ಮೊದಲನೇ ಸಲ "ಸಾಹೇಬ್ರು ಇಲ್ಲ". ಎರಡನೇ ಸಲ "ಒಲಿ ನಮ್ದಲ್ಲ, ಕಂಪನೀದು. ಡಬ್ಬಿ ಮ್ಯಾಲಿನ ನಂಬರಿಗೆ ಫೋನ್ ಮಾಡ್ರಿ". ಆ ನಂಬರಿಗೆ ಫೋನ್ ಮಾಡಿದರೆ ಹಿಂದಿಯಲ್ಲಿ ಒಂದು ಹೆಣ್ಣುದನಿ, ಒಂದು ಒತ್ತಿ, ಎರಡು ಒತ್ತಿ. ಅವ್ವ ಕನ್ನಡದಲ್ಲಿ ಹೇಳಿದಳು, ಮರಾಠಿಯಲ್ಲೂ ಹೇಳಿದಳು. ಆ ದನಿ ತನ್ನ ಪಾಠ ತಾನು ಒಪ್ಪಿಸಿ ಸುಮ್ಮನಾಯಿತು. ಮೂರನೇ ಸಲ ಏಜೆನ್ಸಿಯವನು ಖಾತೆ ಪುಸ್ತಕದಿಂದ ತಲೆ ಎತ್ತದೆ ಅಂದ ಮಾತನ್ನು ಅವ್ವ ಇಂದಿಗೂ ಮರೆತಿಲ್ಲ. "ಜನ್ಮೆಲ್ಲಾ ಕಟಗಿ ಒಲಿ ಮುಂದ ಕುಂತವರಿಗೆ ಗ್ಯಾಸ್ ಕೊಟ್ರ ಹಿಂಗ ಆಗೂದು. ಪುಕ್ಕಟೆ ಬಂದೈತಿ, ಸುಮ್ನ ಹಚ್ಕೊಂಡ ತಿನ್ರಿ."

ಕಡೆಗೆ ಮೆಕ್ಯಾನಿಕ್ ಬಂದ. ಬಂದವನು ಚಪ್ಪರದ ಕೆಳಗೆ ನಿಂತ. ಅವ್ವ "ಒಳಗ ಬರ್ರಿ ಅಪ್ಪಾ" ಅಂದಳು. ಅವನು "ಇಲ್ಲೇ ತಗೊಂಡ ಬಾ" ಅಂದ. ಅವ್ವ ಪೈಪು ಕಿತ್ತು ಒಲೆ ಹೊರಗೆ ತಂದಳು. ಅವನು ಬಗ್ಗಿ ನೋಡಿ, ಬಟನ್ ಎರಡು ಸಲ ತಿರುವಿ, "ಸರಿ ಐತಿ" ಅಂದ. ಅನಿಲವೇ ಇಲ್ಲದ ಒಲೆಯಲ್ಲಿ ಸೋರಿಕೆ ಕಾಣುವುದು ಹೇಗೆ? ನೊರೆ ಬರುವ ಸಾಬೂನು ನೀರನ್ನು ಬಟನ್ನಿಗೆ, ಪೈಪಿನ ಎರಡೂ ತುದಿಗೆ, ರೆಗ್ಯುಲೇಟರಿಗೆ ಹಚ್ಚಿ, ಅನಿಲ ಬಿಟ್ಟು, ಗುಳ್ಳೆ ಏಳುತ್ತದೋ ಎಂದು ನೋಡಬೇಕು. ಅದಕ್ಕೆ ಒಳಗೆ ಬರಬೇಕು. ಒಲೆ ಇರುವಲ್ಲಿ ಕೂರಬೇಕು. ಅವನು ಒಂದು ಕಾಗದ ಚಾಚಿ ಹೆಬ್ಬೆಟ್ಟು ಒತ್ತಿಸಿಕೊಂಡ. ಆ ಕಾಗದದ ನಕಲು ನನ್ನ ಹತ್ತಿರ ಇದೆ. ಅಡಿಗೆ ಮನೆ ನೋಡಿದೆ, ಗಾಳಿ ಬೆಳಕು ಇದೆ, ಒಲೆ ಎತ್ತರದಲ್ಲಿದೆ, ಪೈಪು ಸರಿಯಿದೆ, ಸೋರಿಕೆ ಇಲ್ಲ. ಎಲ್ಲದರ ಮುಂದೆಯೂ ಸರಿ ಗುರುತು. ನಮ್ಮ ಹೊಸ್ತಿಲಿನ ಆಚೆ ನಿಂತು ಅವನು ಅಷ್ಟನ್ನೂ ಕಂಡಿದ್ದ.

2019ರ ಶ್ರಾವಣದ ಒಂದು ಸಂಜೆ ಅವ್ವ ಎಡಗಡೆಯ ಬರ್ನರ್ ಹಚ್ಚಿದ್ದೇ ತಡ ಬಲಗಡೆಯ ಬಟನ್ನಿನ ಬುಡದಿಂದ ಬೆಂಕಿ ಓಡಿ ಬಂತು. ಸೀರೆಯ ಸೆರಗು, ಕೈ. ಚಿಗವ್ವನ ಮಗಳು, ಹತ್ತನೇ ಇಯತ್ತೆಯ ಹುಡುಗಿ, ಹಸಿ ಗೋಣಿ ಎಸೆದು ರೆಗ್ಯುಲೇಟರ್ ಬಂದ್ ಮಾಡಿದಳು. ಆ ಹುಡುಗಿ ಮನೆಯಲ್ಲಿ ಇರದಿದ್ದರೆ ನಾನು ಈ ಲೇಖನ ಬೇರೆ ಥರ ಬರೆಯಬೇಕಾಗುತ್ತಿತ್ತು. ಏಜೆನ್ಸಿಗೆ ಸುದ್ದಿ ಮುಟ್ಟಿಸಿದಾಗ ಅವರು ತೆಗೆದದ್ದು ಅದೇ ಹೆಬ್ಬೆಟ್ಟಿನ ಕಾಗದ. "ನಾವು ಪರೀಕ್ಷೆ ಮಾಡೇವಿ. ನಿಮ್ಮವ್ವನ ಅಜಾಗರೂಕತೆ."

ಈಗ ಆ ಗೆಳೆಯನಿಗೆ ಉತ್ತರ ಹೇಳುತ್ತೇನೆ.

ಮೆಕ್ಯಾನಿಕ್ ಒಳಗೆ ಬರಲಿಲ್ಲ ಎಂಬುದು ಬರೀ ಸೋಮಾರಿತನವೆ? ಊರ ಒಳಗಿನ ಮನೆಗಳಲ್ಲಿ ಅದೇ ಮನುಷ್ಯ ಅಡಿಗೆ ಕಟ್ಟೆಯತನಕ ಹೋಗಿ, ಬರ್ನರ್ ಬಿಚ್ಚಿ, ಚಹಾ ಕುಡಿದು ಬರುತ್ತಾನೆ. ನಮ್ಮ ಕೇರಿಗೆ ಸಿಲಿಂಡರಿನ ಗಾಡಿ ಕೂಡ ಕೇರಿಯ ಬಾಯಿಗೆ ನಿಲ್ಲುತ್ತದೆ, ನಮ್ಮ ಹೆಂಗಸರು ಸಿಲಿಂಡರನ್ನು ಉರುಳಿಸಿಕೊಂಡು ಬರುತ್ತಾರೆ. ಉರುಳಿಸಬಾರದು ಎಂಬುದು ಸುರಕ್ಷತೆಯ ಮೊದಲ ಪಾಠ. ಬಾವಿ, ಗುಡಿ, ಹೋಟೆಲು ಎಂದರೆ ನಮಗೆ ತಕ್ಷಣ ಅಸ್ಪೃಶ್ಯತೆ ನೆನಪಾಗುತ್ತದೆ. ಗಿರಾಕಿ ಸೇವೆಯಲ್ಲಿಯೂ ಅದು ಕೂತಿದೆ ಎಂಬುದು ಕಾಣುವುದಿಲ್ಲ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯ 6ನೇ ಕಲಮು ಓದಿ ನೋಡಿ. ಎಲ್ಲರಿಗೂ ಯಾವ ಷರತ್ತಿನ ಮೇಲೆ ಸರಕು ಮಾರುತ್ತೀರೋ, ಸೇವೆ ಕೊಡುತ್ತೀರೋ, ಅದೇ ಷರತ್ತಿನ ಮೇಲೆ ಕೊಡಲು ಅಸ್ಪೃಶ್ಯತೆಯ ಕಾರಣದಿಂದ ನಿರಾಕರಿಸಿದರೆ ಅದು ಅಪರಾಧ. 12ನೇ ಕಲಮು ಇನ್ನೂ ಮುಂದೆ ಹೋಗುತ್ತದೆ. ಪರಿಶಿಷ್ಟ ಜಾತಿಯವರ ವಿಷಯದಲ್ಲಿ ಅಂಥ ಕೃತ್ಯ ನಡೆದಿದ್ದರೆ, ಅಲ್ಲವೆಂದು ರುಜುವಾಗುವ ತನಕ ಅದು ಅಸ್ಪೃಶ್ಯತೆಯ ಕಾರಣದಿಂದಲೇ ನಡೆಯಿತೆಂದು ಕೋರ್ಟು ಭಾವಿಸಬೇಕು. ಕಾಯಿದೆಗೆ ಎಪ್ಪತ್ತು ವರ್ಷ. ಒಲೆ ರಿಪೇರಿಯ ವಿಷಯದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದವರನ್ನು ನಾನಂತೂ ಕಂಡಿಲ್ಲ.

ನಮ್ಮ ರಾಯಬಾಗ ಒಂದು ಕಾಲಕ್ಕೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು ಎಂಬುದು ನಿಮಗೆ ಗೊತ್ತಿರಬಹುದು. 1902ರಲ್ಲಿ ಸಂಸ್ಥಾನದ ನೌಕರಿಯಲ್ಲಿ ಅರ್ಧದಷ್ಟು ಹಿಂದುಳಿದವರಿಗೆ ಎಂದು ಹುಕುಂ ಹೊರಡಿಸಿದ ಶಾಹು ಮಹಾರಾಜರು, ಗಂಗಾರಾಮ ಕಾಂಬಳೆ ಎಂಬ ನಮ್ಮವನು ಕೊಲ್ಲಾಪುರದಲ್ಲಿ ಚಹಾದ ಅಂಗಡಿ ಇಟ್ಟಾಗ ತಾವೇ ಹೋಗಿ, ಮಂದಿಯೆದುರು, ಅವನ ಒಲೆಯ ಮೇಲೆ ಕುದಿದ ಚಹಾ ಕುಡಿದರು. ರಾಜ ದಾಟಿದ ಹೊಸ್ತಿಲನ್ನು ನೂರು ವರ್ಷದ ಮೇಲೆ ಒಬ್ಬ ಮೆಕ್ಯಾನಿಕ್ ದಾಟಲಿಲ್ಲ.

ಎರಡನೆಯದು ಈ "ಅಜಾಗರೂಕತೆ" ಎಂಬ ಶಬ್ದ. ಹಿರಿಯರನ್ನು ಕೇಳಿ, ಸೀಮೆಎಣ್ಣೆ ಸ್ಟೋವಿನ ಕಾಲದ ಸುದ್ದಿ ಹೇಳುತ್ತಾರೆ. ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು, "ಸ್ಟೋವ್ ಸಿಡಿದು ಗೃಹಿಣಿ ಸಾವು". ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಂಗಸರು 1990ರ ದಶಕದಲ್ಲಿ ಆಸ್ಪತ್ರೆಯ ಸುಟ್ಟಗಾಯದ ವಾರ್ಡುಗಳಿಗೆ ಹೋಗಿ, ಪೊಲೀಸ್ ಕಡತ ತಿರುವಿ, ಸ್ಟೋವ್ ಸಿಡಿತ ಎಂದು ಬರೆದು ಮುಚ್ಚಿದ ಸಾವುಗಳ ಹಿಂದೆ ವರದಕ್ಷಿಣೆಯ ಬೆಂಕಿ ಇದ್ದುದನ್ನು ಬಯಲಿಗೆ ಎಳೆದರು. ಆಗ ಗಂಡ ಹಚ್ಚಿದ ಬೆಂಕಿಯನ್ನು ಒಲೆಯ ತಲೆಗೆ ಕಟ್ಟಿದರು. ಈಗ ಒಲೆ ಹಚ್ಚಿದ ಬೆಂಕಿಯನ್ನು ಹೆಂಗಸಿನ ತಲೆಗೆ ಕಟ್ಟುತ್ತಾರೆ. ಎರಡರಲ್ಲಿಯೂ ಸುಡುವವಳು ಅವಳೇ, ಸಾಕ್ಷಿ ಹೇಳಲು ಬಾಯಿ ಇಲ್ಲದವಳೂ ಅವಳೇ.

ಅಡಿಗೆಯವಳ ಮೇಲೆ ತಪ್ಪು ಹೇಗೆ ಇಳಿಯುತ್ತದೆ ಎಂಬುದಕ್ಕೆ ತಮಿಳುನಾಡಿನ ಕುಂಭಕೋಣಂ ನೋಡಿ. 2004ರ ಜುಲೈ 16ರಂದು ಅಲ್ಲಿನ ಶಾಲೆಯೊಂದರ ಬಿಸಿಯೂಟದ ಅಡಿಗೆ ಮನೆಯಿಂದ ಎದ್ದ ಬೆಂಕಿ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ಸತ್ತರು. ಗರಿ ಹೊದಿಸಿದ ಮಾಡಿನ ಮಗ್ಗುಲಿಗೆ ಒಲೆ ಇಡಲು ಅಡಿಗೆಯವಳು ಅಪ್ಪಣೆ ಕೊಟ್ಟಿದ್ದಳೆ? ಕಟ್ಟಡಕ್ಕೆ ಪರವಾನಗಿ ಅವಳು ಕೊಟ್ಟಿದ್ದಳೆ? ಹತ್ತು ವರ್ಷದ ಮೇಲೆ, 2014ರಲ್ಲಿ, ತಂಜಾವೂರಿನ ಕೋರ್ಟು ಶಾಲೆಯ ಒಡೆಯನಿಗೆ ಜೀವಾವಧಿ ಕೊಟ್ಟಿತು, ಸರಿ. ಶಿಕ್ಷೆಯಾದ ಹತ್ತು ಮಂದಿಯಲ್ಲಿ ಅಡಿಗೆಯವಳೂ ಒಬ್ಬಳು. ಬಿಡುಗಡೆಯಾದವರಲ್ಲಿ ಅಧಿಕಾರಿಗಳಿದ್ದರು.

ಇದು ನಿಮ್ಮ ಹಾಸ್ಟೆಲಿಗೂ ಸಂಬಂಧಪಟ್ಟ ಮಾತು. ನಾನು ಪಟ್ಟಣವೊಂದರ ಹಾಸ್ಟೆಲಿನಲ್ಲಿದ್ದೆ. ಯಾವುದು ಎಂದು ಹೇಳುವುದಿಲ್ಲ, ಹೇಳಿದರೆ ಅಡಿಗೆ ಅಕ್ಕನ ಕೆಲಸ ಹೋಗುತ್ತದೆ. ನೆಲಕ್ಕೆ ಕೂರಿಸಿದ ದೊಡ್ಡ ಬರ್ನರಿನ ಕಬ್ಬಿಣದ ಒಲೆ, ಮಗ್ಗುಲಿಗೆ 19 ಕಿಲೋದ ಎರಡು ಸಿಲಿಂಡರ್, ನಡುವೆ ಬಿರುಕು ಬಿಟ್ಟ ಪೈಪಿಗೆ ಸೈಕಲ್ ಟ್ಯೂಬು ಸುತ್ತಿ ಕಟ್ಟಿದ್ದರು. ಒಲೆ ಹಚ್ಚುವಾಗ ಅಕ್ಕ ಮುಖ ಆ ಕಡೆ ತಿರುಗಿಸಿ, ಕೈ ಮಾತ್ರ ಚಾಚಿ ಹಚ್ಚುತ್ತಿದ್ದಳು. ನಾವು ಅದನ್ನು ನೋಡಿ ನಗುತ್ತಿದ್ದೆವು. ಅವ್ವನ ಕೈ ಸುಟ್ಟು ಬಂದ ಮೇಲೆ ನನಗೆ ನಗು ಬರಲಿಲ್ಲ. ನಲವತ್ತು ಮಂದಿ ಸಹಿ ಹಾಕಿ ಅರ್ಜಿ ಕೊಟ್ಟೆವು. "ಪುಕ್ಕಟೆ ಕೂಳು ತಿಂದು ಒಲೆ ಚೊಲೋ ಇಲ್ಲ ಅಂತೀರೇನು" ಎಂಬ ಮಾತು ಬಂತು. ಪೈಪು ಬದಲಾಯಿತು, ಎರಡು ತಿಂಗಳ ಮೇಲೆ. ಆದರೆ ನಡುವೆ ಆದದ್ದು ಏನು ಕೇಳಿ. "ಅಡಿಗೆಯವರು ಒಲೆ ಸರಿಯಾಗಿ ಬಳಸುವುದಿಲ್ಲ" ಎಂದು ಬರೆದು, ಹೊರಗುತ್ತಿಗೆಯ ಆ ಅಕ್ಕನನ್ನು ಕೆಲಸದಿಂದ ತೆಗೆಯಲು ಹೊರಟರು. ಅಕ್ಕ ನನ್ನನ್ನು ಹಿಂದಿನ ಬಾಗಿಲಿಗೆ ಕರೆದು ಹೇಳಿದಳು, "ತಮ್ಮಾ, ನಿಮ್ಮ ಅರ್ಜಿಯಿಂದ ನನ್ನ ಹೊಟ್ಟಿಗೆ ಕಲ್ಲು ಬೀಳತೈತಿ. ಇನ್ನೊಂದು ಬರದು ಉಳಿಸು." ಇನ್ನೊಂದು ಬರೆದೆವು. ಮೊದಲಿನದರಲ್ಲಿ "ಅಡಿಗೆ ಮನೆಯಲ್ಲಿ ಅಪಾಯವಿದೆ" ಎಂದಷ್ಟೇ ಬರೆದಿದ್ದೆವು. ಅದು ಯಾರ ಕಡೆಗೂ ತಿರುಗುವ ಮಾತು. ಎರಡನೆಯದರಲ್ಲಿ ಪೈಪಿನ ಮೇಲೆ ಅಚ್ಚಾದ ವರ್ಷ, ಒಲೆಯ ಕಬ್ಬಿಣದ ಬಿರುಕು, ಅಕ್ಕ ಎಷ್ಟು ಸಲ ಬಾಯಿಮಾತಿನಲ್ಲಿ ದೂರಿದ್ದಳು ಎಂಬುದು, ಎಲ್ಲವನ್ನೂ ಬರೆದೆವು. ಅರ್ಜಿ ಬರೆಯುವವರು ವಸ್ತುವಿನ ಮೇಲೆ ಬರೆಯಬೇಕು, ತಮ್ಮ ಹೆಸರಿನಲ್ಲಿ ಬರೆಯಬೇಕು. ಅಡಿಗೆಯವಳ ಹೆಸರನ್ನು ಮುಂದೆ ಮಾಡಿ ನಾವು ಹಿಂದೆ ನಿಲ್ಲುವುದು ಹೇಡಿತನ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಏಜೆನ್ಸಿಯವನೂ "ಪುಕ್ಕಟೆ" ಅಂದ, ಹಾಸ್ಟೆಲಿನಲ್ಲೂ "ಪುಕ್ಕಟೆ" ಅಂದರು. ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದು ಎಂಬ ಗಾದೆ ಯಾರು ಕಟ್ಟಿದ್ದೋ ಏನೋ, ಕೊಡುವವರೇ ಕಟ್ಟಿರಬೇಕು. ಆ ಒಲೆ ನಿಜಕ್ಕೂ ಪುಕ್ಕಟೆಯೆ? ಮೊದಲ ಉಜ್ವಲಾದಲ್ಲಿ ಸರಕಾರ ಒಂದು ಸಂಪರ್ಕಕ್ಕೆ ಕೊಟ್ಟದ್ದು 1,600 ರೂಪಾಯಿ, ಅದು ಸಿಲಿಂಡರ್, ರೆಗ್ಯುಲೇಟರುಗಳ ಠೇವಣಿ ಮುಂತಾದ್ದಕ್ಕೆ. ಒಲೆಯ ದುಡ್ಡು, ಮೊದಲ ಸಿಲಿಂಡರಿನ ದುಡ್ಡು ಕೈಯಿಂದ ಕೊಡಲಾಗದವರಿಗೆ ತೈಲ ಕಂಪನಿ ಸಾಲ ಕೊಟ್ಟಿತು. ಆಮೇಲೆ ನಮ್ಮ ಖಾತೆಗೆ ಬರಬೇಕಾದ ಸಬ್ಸಿಡಿಯಲ್ಲಿ ಮುರಿದುಕೊಂಡಿತು. ಅವ್ವನ ಪಾಸ್‌ಬುಕ್ಕು ತೆಗೆದು ನೋಡಿದೆ. ಸಿಲಿಂಡರಿಗೆ ಪೂರ್ತಿ ದುಡ್ಡು ತೆತ್ತಿದ್ದಾಳೆ, ತಿಂಗಳುಗಟ್ಟಲೆ ಸಬ್ಸಿಡಿ ಬಂದಿಲ್ಲ. ಆ ತಗಡಿನ ಒಲೆಯನ್ನು ಅವಳು ಕೊಂಡಿದ್ದಾಳೆ, ಕೊಂಡದ್ದು ಅವಳಿಗೇ ಗೊತ್ತಿರಲಿಲ್ಲ. ಹಾರ ಹಾಕಿಕೊಂಡು ಫೋಟೋ ತೆಗೆಸಿಕೊಂಡವರು ದಾನಿಗಳಾದರು, ದುಡ್ಡು ಕೊಟ್ಟವಳು ಭಿಕ್ಷುಕಳಾದಳು. (2021ರ ಆಗಸ್ಟಿನಲ್ಲಿ ಶುರುವಾದ ಎರಡನೇ ಉಜ್ವಲಾದಲ್ಲಿ ಒಲೆ, ಮೊದಲ ಸಿಲಿಂಡರ್ ಉಚಿತ. ಆ ಮೇಲಿನ ಪ್ರತಿ ಸಿಲಿಂಡರಿಗೂ ದುಡ್ಡು ಕೊಟ್ಟೇ ಕೊಡುತ್ತೇವೆ.)

ಈ ಒಂದು ಶಬ್ದದ ಮೇಲೆ ಕಾಯಿದೆ ನಿಂತಿದೆ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಜಾಗಕ್ಕೆ 2019ರ ಹೊಸ ಕಾಯಿದೆ ಬಂದು 2020ರ ಜುಲೈಯಿಂದ ಜಾರಿಯಲ್ಲಿದೆ. ಅದರ ಪ್ರಕಾರ ಬೆಲೆ ಕೊಟ್ಟವನು ಗ್ರಾಹಕ, ಬೆಲೆ ಕೊಡುತ್ತೇನೆಂದು ಒಪ್ಪಿದವನೂ ಗ್ರಾಹಕ, ಕಂತಿನಲ್ಲಿ ಕೊಡುವವನೂ ಗ್ರಾಹಕ. ಕೊಂಡವರ ಒಪ್ಪಿಗೆಯಿಂದ ಆ ವಸ್ತುವನ್ನು ಬಳಸುವವನೂ ಗ್ರಾಹಕ. ಆದರೆ ಉಚಿತವಾಗಿ ಕೊಟ್ಟ ಸೇವೆ ಕಾಯಿದೆಯ ಹೊರಗೆ. ಈಗ ತಿಳಿಯಿತೆ, ಅವರು ಮಾತುಮಾತಿಗೂ "ಪುಕ್ಕಟೆ" ಏಕೆ ಅನ್ನುತ್ತಾರೆ? ಆ ಮಾತಿಗೆ ನಾವು ತಲೆ ಬಾಗಿಸಿದರೆ ನಮ್ಮ ದೂರಿನ ಕುತ್ತಿಗೆಯನ್ನು ನಾವೇ ಕೊಯ್ದುಕೊಂಡಂತೆ. ಸಂಪರ್ಕ ಕೊಡುವಾಗ ಬರೆದುಕೊಡುವ ಎಸ್.ವಿ. ಎಂಬ ಚೀಟಿ, ಸಿಲಿಂಡರಿನ ಪ್ರತಿ ರಸೀದಿ, ಸಬ್ಸಿಡಿ ಮುರಿದ ಪಾಸ್‌ಬುಕ್ಕಿನ ಪುಟ, ಇವು ನಮ್ಮ ಮನೆಯ ಪತ್ರಗಳು. ಹೊಲದ ಉತಾರ ಇಲ್ಲದ ನಮಗೆ ಇವನ್ನಾದರೂ ಜೋಪಾನ ಮಾಡುವ ಚಟ ಬೇಕು.

ದೋಷವಿರುವ ವಸ್ತುವಿನಿಂದ ಮೈಗೆ, ಮನೆಗೆ ಹಾನಿಯಾದರೆ ಮಾಡಿದವನು, ಮಾರಿದವನು ಹೊಣೆ ಎಂದು ಹೊಸ ಕಾಯಿದೆಯಲ್ಲಿ ಒಂದು ಅಧ್ಯಾಯವೇ ಇದೆ. ದೂರು ಕೊಡಲು ವಕೀಲ ಬೇಡ. ಕೊಂಡ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ಕಂಪನಿ ದಿಲ್ಲಿಯಲ್ಲಿರಲಿ, ಮುಂಬೈಯಲ್ಲಿರಲಿ, ನಾವು ಇರುವ ಜಿಲ್ಲೆಯಲ್ಲೇ, ಅಂದರೆ ಬೆಳಗಾವಿಯ ಗ್ರಾಹಕರ ಆಯೋಗದಲ್ಲೇ, ದೂರು ಹೂಡಬಹುದು. ಗಡುವು ಎರಡು ವರ್ಷ. ಈ ಎರಡು ವರ್ಷದ ಮಾತು ಬರೆಯುವಾಗ ನನ್ನ ಕೈ ನಡುಗುತ್ತದೆ. ನಾನು ಬಿ.ಎ. ಓದುತ್ತಿದ್ದೆ. ಭಾಷಣ ಮಾಡುತ್ತಿದ್ದೆ. ಬಾಬಾಸಾಹೇಬರು 1925ರಲ್ಲಿ ನಮ್ಮ ನಿಪ್ಪಾಣಿಗೆ ಬಂದು ಪರಿಷತ್ತು ನಡೆಸಿದ್ದನ್ನು ಬಾಯಿಪಾಠ ಹೇಳುತ್ತಿದ್ದೆ. ಅವ್ವನ ಕೈ ಸುಟ್ಟದ್ದಕ್ಕೆ ಒಂದು ದೂರು ಬರೆಯಲು ಮಾತ್ರ ನನಗೆ ತಿಳಿಯಲಿಲ್ಲ. ಕಾಯಿದೆ ಓದಿದಾಗ ಗಡುವು ದಾಟಿತ್ತು.

ಇನ್ನೊಂದೂ ತಿಳಿದಿರಲಿಲ್ಲ. ತೈಲ ಕಂಪನಿಗಳು ಗ್ಯಾಸ್ ಅಪಘಾತಕ್ಕೆ ವಿಮೆ ಮಾಡಿಸಿರುತ್ತವೆ, ನಾವು ಕಂತು ಕಟ್ಟಬೇಕಾಗಿಲ್ಲ. ಸಾವಾದರೆ ಒಬ್ಬರಿಗೆ 6 ಲಕ್ಷ, ಗಾಯದ ಚಿಕಿತ್ಸೆಗೆ ಒಬ್ಬರಿಗೆ 2 ಲಕ್ಷದ ತನಕ, ನೋಂದಾಯಿತ ಮನೆಯ ಆಸ್ತಿ ಹಾನಿಗೆ 2 ಲಕ್ಷದ ತನಕ. ಅದಕ್ಕೆ ಏಜೆನ್ಸಿಗೆ ಕೂಡಲೆ ಬರವಣಿಗೆಯಲ್ಲಿ ತಿಳಿಸಬೇಕು. ನಾವು ಬಾಯಿಮಾತಿನಲ್ಲಿ ಹೇಳಿದೆವು. ಅವರು ಬಾಯಿಮಾತಿನಲ್ಲೇ ಹೊಡೆದು ಹಾಕಿದರು. ಅವ್ವನ ಔಷಧಿಗೆ ಸಾಲ ಮಾಡಿದ್ದು ಕಬ್ಬಿನ ಟೋಳಿಯ ಮುಕ್ಕಾದಮನ ಹತ್ತಿರ. ಆ ಸಾಲ ತೀರಿಸಲು ಅದೇ ಕೈಯಲ್ಲಿ ಎರಡು ಹಂಗಾಮು ಕಬ್ಬು ಕಡಿದಳು.

ನಮ್ಮವರ ತಪ್ಪನ್ನೂ ಹೇಳದೆ ಬಿಟ್ಟರೆ ಇದು ಅರ್ಧ ಲೇಖನ. ಕೇರಿಯಲ್ಲಿ ಗಂಡಸರು ಸಿಲಿಂಡರನ್ನು ಹೋಟೆಲಿನವನಿಗೆ ಮಾರಿ ಕುಡಿಯುವುದುಂಟು. ಸಂತೆಯಲ್ಲಿ ಗುರುತಿಲ್ಲದ ಒಲೆ, ಗುರುತಿಲ್ಲದ ಪೈಪು ತರುವುದುಂಟು. ವಾಸನೆ ಬಂದರೆ ಎಲ್ಲಿಂದ ಎಂದು ಕಡ್ಡಿ ಗೀರಿ ನೋಡುವ ಧೀರರೂ ಇದ್ದಾರೆ! ಅಪಘಾತವಾದಾಗ ಕಂಪನಿಯವರು ಮೊದಲು ಹುಡುಕುವುದು ಇವನ್ನೇ. ಗ್ಯಾಸ್ ಒಲೆಗೆ ಐಎಸ್ಐ ಗುರುತು, ಅದರ ಜೊತೆ ಐಎಸ್ 4246 ಎಂಬ ಸಂಖ್ಯೆ ಇರಬೇಕು. ಕೇಸರಿ ಬಣ್ಣದ, ಒಳಗೆ ತಂತಿ ಇರುವ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಸಿಲಿಂಡರಿನ ಕೊರಳ ಪಟ್ಟಿಯ ಒಳಗಡೆ ಇಂಗ್ಲಿಷಿನ ಎ, ಬಿ, ಸಿ, ಡಿ ಪೈಕಿ ಒಂದು ಅಕ್ಷರ, ಮುಂದೆ ಎರಡಂಕಿಯ ವರ್ಷ ಬರೆದಿರುತ್ತದೆ. ಎ ಅಂದರೆ ಮಾರ್ಚ್ ತನಕ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಅಷ್ಟರೊಳಗೆ ಆ ಸಿಲಿಂಡರ್ ಮತ್ತೆ ಪರೀಕ್ಷೆಗೆ ಹೋಗಬೇಕು. ದಿನ ದಾಟಿದ್ದರೆ ವಾಪಸು ಕಳಿಸಿ. ಅದು ನಿಮ್ಮ ಹಕ್ಕು, ಗಾಡಿಯವನ ಉಪಕಾರವಲ್ಲ. ಸಿಲಿಂಡರ್, ರೆಗ್ಯುಲೇಟರ್ ಕಂಪನಿಯವು, ಠೇವಣಿಯ ಮೇಲೆ ನಮ್ಮಲ್ಲಿ ಇರುವಂಥವು. ಒಲೆ ಮಾತ್ರ ನಮ್ಮದು. ಸೋರಿದಾಗ ಒಬ್ಬರು ಇನ್ನೊಬ್ಬರ ಕಡೆ ಬೆರಳು ಮಾಡಿ ತಪ್ಪಿಸಿಕೊಳ್ಳುವುದು ಈ ಸಂದಿಯಲ್ಲಿ. ಸೋರಿಕೆಗೆ 1906, ಗ್ರಾಹಕರ ದೂರಿಗೆ 1915, ಈ ಎರಡು ನಂಬರನ್ನು ರಜೆಗೆ ಊರಿಗೆ ಹೋದಾಗ ಒಲೆಯ ಹಿಂದಿನ ಗೋಡೆಗೆ ಇದ್ದಿಲಿನಲ್ಲಾದರೂ ಬರೆದು ಬನ್ನಿ.

ಇಷ್ಟೆಲ್ಲ ಓದಲು ನಿಮಗೆ ಬರುತ್ತದೆ, ನಿಮ್ಮ ಅವ್ವನಿಗೆ ಬರುವುದಿಲ್ಲ. ಹಾಸ್ಟೆಲಿನಲ್ಲಿ ಕೂತು ಅಕ್ಷರ ಕಲಿತ ನಾವು ಊರಿಗೆ ಹೋದಾಗ ಅವ್ವ ಬಡಿದ ರೊಟ್ಟಿ ತಿಂದು, ಯುವಕ ಸಂಘದ ಕಟ್ಟೆಯ ಮೇಲೆ ರಾಜಕೀಯ ಮಾತಾಡಿ, ಬಸ್ ಹತ್ತಿ ಬರುತ್ತೇವೆ. ಆ ರೊಟ್ಟಿಯ ಕೆಳಗಿನ ಬೆಂಕಿಯನ್ನು ಬಗ್ಗಿ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ನೀಲಿಯಾಗಿ ಉರಿಯಬೇಕಾದದ್ದು ಹಳದಿಯಾಗಿ ಉರಿದು ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಬರ್ನರ್ ಕೆಟ್ಟಿದೆ ಎಂದು ಅರ್ಥ. ಇದನ್ನು ತಿಳಿಯಲು ವಿಜ್ಞಾನದ ಡಿಗ್ರಿ ಬೇಡ.

ಅವ್ವನ ಆ ಒಲೆ ಇನ್ನೂ ಮನೆಯ ಮೂಲೆಯಲ್ಲಿದೆ. ಗುಜರಿಯವನು ಎರಡು ಸಲ ಕೇಳಿ ಹೋದ, ಅವ್ವ ಕೊಟ್ಟಿಲ್ಲ. ಈಗ ಚಿಗವ್ವನ ಮನೆಯ ಒಲೆಗೂ ಅದೇ ರೋಗ ಹತ್ತಿದೆ, ಬಟನ್ನಿನ ಬುಡದಲ್ಲಿ ವಾಸನೆ. ಹೋದ ವಾರ ನಾನೇ ಹೋಗಿ ಸಾಬೂನು ನೀರು ಹಚ್ಚಿ ಗುಳ್ಳೆ ನೋಡಿದೆ, ರೆಗ್ಯುಲೇಟರ್ ಬಿಚ್ಚಿಟ್ಟೆ, ಎರಡು ಪ್ರತಿ ದೂರು ಬರೆದು ಒಂದನ್ನು ಏಜೆನ್ಸಿಗೆ ಕೊಟ್ಟು, ಇನ್ನೊಂದರ ಮೇಲೆ ಶಿಕ್ಕಾ, ತಾರೀಖು ಹಾಕಿಸಿಕೊಂಡು ಬಂದೆ. ಅರ್ಧ ತಾಸು ಕಾಯಿಸಿದರು, ಹಾಕಿಕೊಟ್ಟರು. ಎಂಟು ದಿನದಲ್ಲಿ ಮೆಕ್ಯಾನಿಕ್ ಬರುತ್ತಾನಂತೆ. ಬಂದಾಗ ಒಲೆಯನ್ನು ಹೊರಗೆ ತರಬೇಡ, ಒಳಗೆ ಬಂದು ನೋಡುವ ತನಕ ಹೆಬ್ಬೆಟ್ಟು ಒತ್ತಬೇಡ ಎಂದು ಚಿಗವ್ವನಿಗೆ ಹೇಳಿ ಬಂದಿದ್ದೇನೆ.